ಹೆಚ್ಚಾದವರು ಯಾರು?

ಜಗತ್ತಿನ ಅಷ್ಟೂ ಜನರನ್ನು ಒಂದು ದಿನದ ಮಟ್ಟಿಗೆ ತುಮಕೂರು ಜಿಲ್ಲೆಗೆ ಕರೆದೆವು ಎಂದಿಟ್ಟುಕೊಳ್ಳೋಣ. ಈಗ ಭೂಮಿಯ ಮೇಲಿರುವವರು ಸುಮಾರು 820 ಕೋಟಿ. ತಲೆಗೊಂದು ಚದರ ಮೀಟರ್ ಕೊಟ್ಟರೆ ಬೇಕಾಗುವುದು 8,200 ಚದರ ಕಿಲೋಮೀಟರ್. ತುಮಕೂರು ಜಿಲ್ಲೆಯ ವಿಸ್ತೀರ್ಣ 10,500 ಚದರ ಕಿಲೋಮೀಟರಿಗಿಂತ ಹೆಚ್ಚು. ಅಮೆರಿಕದವರು, ಚೀನಾದವರು, ನೈಜೀರಿಯಾದವರು, ನಾವು ನೀವು ಎಲ್ಲರೂ ಪಾವಗಡದಿಂದ ಕುಣಿಗಲ್ಲಿನವರೆಗೆ ಕೈಕಾಲು ಆಡಿಸಿಕೊಂಡು ನಿಂತ ಮೇಲೂ ತಿಪಟೂರಿನ ತೆಂಗಿನ ತೋಟಗಳಿಗೆ ಜಾಗ ಉಳಿಯುತ್ತದೆ. ಮಿಕ್ಕ ಭೂಮಂಡಲವೆಲ್ಲ ಖಾಲಿ.

ಬೆಳಗಾಗುತ್ತಿದ್ದಂತೆ ಪೇಚಾಟ ಶುರು. ಕುಡಿಯಲು, ತೊಳೆಯಲು, ಮೀಯಲು ತಲೆಗೆ ಬರೀ 50 ಲೀಟರ್ ನೀರು ಎಂದರೂ ದಿನಕ್ಕೆ ಹದಿನಾಲ್ಕೂವರೆ ಟಿಎಂಸಿ ಬೇಕು. 49 ಟಿಎಂಸಿ ಹಿಡಿಯುವ ಕೆಆರ್‌ಎಸ್ ಜಲಾಶಯ ತುಂಬಿ ತುಳುಕುತ್ತಿದ್ದರೂ ನಾಲ್ಕನೇ ದಿನ ಮಧ್ಯಾಹ್ನಕ್ಕೆ ಮೊದಲೇ ತಳ ಕಾಣುತ್ತದೆ. ಇದು ಕೊಡಪಾನದ ನೀರಿನ ಲೆಕ್ಕ. ಊಟದ ತಟ್ಟೆಯೊಳಗೆ ಅಡಗಿರುವ ನೀರಿನದು ಬೇರೆಯೇ ಲೆಕ್ಕ. ಒಬ್ಬ ಮನುಷ್ಯನ ಒಂದು ದಿನದ ಆಹಾರ ಬೆಳೆಯಲು ಮಳೆ, ಕಾಲುವೆ, ಬಾವಿ ಎಲ್ಲ ಸೇರಿ 2,000ದಿಂದ 5,000 ಲೀಟರ್ ನೀರು ಬೇಕೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೇಳುತ್ತದೆ. ನಾವು 3,000 ಎಂದು ಹಿಡಿಯೋಣ. ತುಮಕೂರಿನಲ್ಲಿ ನೆರೆದವರ ಒಂದೇ ದಿನದ ಊಟಕ್ಕೆ ಸುಮಾರು 870 ಟಿಎಂಸಿ! ಎರಡು ರಾಜ್ಯಗಳು ನೂರು ವರ್ಷಕ್ಕೂ ಮೀರಿ ಜಗಳವಾಡಿದ ಕಾವೇರಿ ಕಣಿವೆಯಲ್ಲಿ ಸಾಧಾರಣ ಮಳೆಯಾದರೆ ಇಡೀ ವರ್ಷಕ್ಕೆ ಸಿಗುವುದೇ, ನ್ಯಾಯಮಂಡಳಿಯ ಲೆಕ್ಕದಲ್ಲಿ, 740 ಟಿಎಂಸಿ.

ಜನ ನಿಲ್ಲಲು ಒಂದು ಜಿಲ್ಲೆ ಸಾಕು, ಉಣ್ಣಲು ಭೂಮಿಯೇ ಬೇಕು. 'ಭೂಮಿಗೆ ಜನ ಹೆಚ್ಚಾದರೇ?' ಎಂಬ ಹಳೆಯ ಪ್ರಶ್ನೆಯನ್ನು ಬಿಡಿಸುವಾಗ ಈ ಎರಡು ಲೆಕ್ಕಗಳನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳಬೇಕು.

ಬಟ್ಟೆ ವ್ಯಾಪಾರಿಯ ಲೆಕ್ಕ

ಭೂಮಿ ಎಷ್ಟು ಜನರನ್ನು ತಾಳಬಲ್ಲದು ಎಂದು ಅಂಕಿಯಲ್ಲಿ ಉತ್ತರ ಕೊಟ್ಟ ಮೊದಲಿಗರಲ್ಲಿ ಒಬ್ಬ ಡಚ್ ಬಟ್ಟೆ ವ್ಯಾಪಾರಿ. ಡೆಲ್ಫ್ಟ್ ಊರಿನ ಆಂಟನಿ ವಾನ್ ಲೇವೆನ್‌ಹುಕ್. ಸೂಕ್ಷ್ಮದರ್ಶಕದಲ್ಲಿ ಸೂಕ್ಷ್ಮಜೀವಿಗಳನ್ನು ಕಂಡವನೆಂದು ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಓದಿದ್ದೇವಲ್ಲ, ಅವನೇ. 1679ರಲ್ಲಿ ಅವನು ಕಾಡ್ ಮೀನಿನ ವೀರ್ಯದಲ್ಲಿ ಓಡಾಡುವ ಜೀವಾಣುಗಳನ್ನು ಎಣಿಸುತ್ತಿದ್ದ. ಒಂದು ಮೀನಿನೊಳಗಿನ ಈ ಜೀವಿಗಳು ಭೂಮಿಯ ಮನುಷ್ಯರಿಗಿಂತ ಎಷ್ಟೋ ಪಾಲು ಹೆಚ್ಚು ಎಂದು ತೋರಿಸಬೇಕಿತ್ತು. ಅದಕ್ಕಾಗಿ ಹಾಲೆಂಡಿನಲ್ಲಿ ಹತ್ತು ಲಕ್ಷ ಜನರಿದ್ದಾರೆ, ಮನುಷ್ಯರು ಬಾಳಬಹುದಾದ ನೆಲ ಹಾಲೆಂಡಿನ ಹದಿಮೂರು ಸಾವಿರ ಪಟ್ಟಿಗಿಂತ ತುಸು ಹೆಚ್ಚಿದೆ ಎಂದು ಗುಣಿಸಿದ. ಬಂದ ಉತ್ತರ ಸುಮಾರು 1,340 ಕೋಟಿ. ಆಗ ಜಗತ್ತಿನಲ್ಲಿ ಇದ್ದವರು ಅದರ ಇಪ್ಪತ್ತನೇ ಒಂದು ಭಾಗದಷ್ಟೂ ಅಲ್ಲ.

ಆಮೇಲಿನ ಮುನ್ನೂರು ವರ್ಷಗಳಲ್ಲಿ ಈ ಲೆಕ್ಕ ಹಾಕಿದವರು ಹಲವರು. ಅಮೆರಿಕದ ಜನಸಂಖ್ಯಾ ತಜ್ಞ ಜೋಯಲ್ ಕೋಹೆನ್ 1995ರಲ್ಲಿ ಅವನ್ನೆಲ್ಲ ಕಲೆಹಾಕಿ ಒಂದು ಪುಸ್ತಕವನ್ನೇ ಬರೆದರು. ಒಬ್ಬರ ಉತ್ತರ 100 ಕೋಟಿಗೂ ಕಡಿಮೆ. ಇನ್ನೊಬ್ಬರದು ಒಂದು ಲಕ್ಷ ಕೋಟಿ. ಬಹುಪಾಲು ಅಂದಾಜುಗಳು 400 ಕೋಟಿಯಿಂದ 1,600 ಕೋಟಿಯೊಳಗೆ ಬೀಳುತ್ತವೆ. ಒಂದೇ ಮನೆಯ ಅಳತೆ ತೆಗೆದ ಇಬ್ಬರು ಮೇಸ್ತ್ರಿಗಳಲ್ಲಿ ಒಬ್ಬ ಹತ್ತು ಅಡಿ, ಇನ್ನೊಬ್ಬ ಹತ್ತು ಸಾವಿರ ಅಡಿ ಎಂದರೆ ತಪ್ಪು ಟೇಪಿನಲ್ಲೇ ಇರಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತನ್ನೇ ತೆಗೆದುಕೊಳ್ಳಿ. ಹಾಸಿಗೆಯ ಉದ್ದ ಎಲ್ಲರೂ ಅಳೆಯುತ್ತಾರೆ. ಮಲಗುವವರ ಕಾಲು ಎಷ್ಟುದ್ದ ಎಂದು ತೀರ್ಮಾನಿಸದೆ ಅದರ ಮೇಲೆ ಎಷ್ಟು ಜನ ಹಿಡಿಸುತ್ತಾರೆ ಎಂದು ಹೇಳುವುದು ಹೇಗೆ? ಕೋಹೆನ್ ಕಂಡುಕೊಂಡದ್ದೂ ಇದೇ. ಏನು ಉಣ್ಣುತ್ತಾರೆ, ಏನು ಉರಿಸುತ್ತಾರೆ, ಇರುವುದನ್ನು ಹೇಗೆ ಹಂಚಿಕೊಳ್ಳುತ್ತಾರೆ ಎಂಬುದನ್ನು ಬಿಟ್ಟರೆ ಆ ಅಂಕಿಗೆ ಅರ್ಥವಿಲ್ಲ.

ಧಾತು ವರ್ಷದ ಲೆಕ್ಕ

ಈ ಪ್ರಶ್ನೆಗೆ ಭಯದ ಬಣ್ಣ ಬಳಿದವನು ಇಂಗ್ಲೆಂಡಿನ ಪಾದ್ರಿ ಥಾಮಸ್ ರಾಬರ್ಟ್ ಮಾಲ್ಥಸ್. ಜನ ದುಪ್ಪಟ್ಟು, ನಾಲ್ಕು ಪಟ್ಟು, ಎಂಟು ಪಟ್ಟು ಎಂದು ಏರುತ್ತಾರೆ, ಆಹಾರ ಮಾತ್ರ ಒಂದೊಂದೇ ಮೆಟ್ಟಿಲು ಹತ್ತುತ್ತದೆ, ಹಾಗಾಗಿ ಹಸಿವು, ರೋಗ, ಯುದ್ಧಗಳೇ ಕೊನೆಗೆ ತಕ್ಕಡಿ ಸಮ ಮಾಡುತ್ತವೆ ಎಂದು 1798ರಲ್ಲಿ ಅವನು ಬರೆದ. ಅವನ ಬದುಕಿನ ಇನ್ನೊಂದು ಸಂಗತಿ ನಮಗೆ ಹೆಚ್ಚು ಹತ್ತಿರದ್ದು. 1805ರಿಂದ ಸಾಯುವವರೆಗೆ, ಅಂದರೆ 1834ರವರೆಗೆ, ಅವನಿಗೆ ಸಂಬಳ ಕೊಟ್ಟದ್ದು ಈಸ್ಟ್ ಇಂಡಿಯಾ ಕಂಪನಿ. ಭಾರತವನ್ನು ಆಳಲು ಬರುವ ಹುಡುಗರನ್ನು ತಯಾರು ಮಾಡುತ್ತಿದ್ದ ಹೇಲಿಬರಿ ಕಾಲೇಜಿನಲ್ಲಿ ಅವನು ಅರ್ಥಶಾಸ್ತ್ರದ ಮೇಷ್ಟರಾಗಿದ್ದ. ಅವನು ಕಣ್ಣು ಮುಚ್ಚಿದ ಮೇಲೂ ಆ ಕಾಲೇಜಿನಿಂದ ಹೊರಬಿದ್ದವರ ತಲೆಯಲ್ಲಿ ಅವನ ಪಾಠ ಉಳಿದಿತ್ತು.

1876ರಲ್ಲಿ, ಧಾತು ಸಂವತ್ಸರದಲ್ಲಿ, ದಖ್ಖನಿನಲ್ಲಿ ಮಳೆ ಕೈಕೊಟ್ಟಿತು. ಹಳೆ ಮೈಸೂರಿನ ಹಳ್ಳಿಗಳಲ್ಲಿ ಮೂರು ನಾಲ್ಕು ತಲೆಮಾರಿನವರೆಗೆ 'ಧಾತು ಈಶ್ವರ' ಎಂದರೆ ಸಾಕು, ಹಿರಿಯರ ಮುಖ ಬಾಡುತ್ತಿತ್ತು. ಈಶ್ವರ ಎಂಬುದು ಮರುವರ್ಷದ ಹೆಸರು. ಮೈಸೂರು ಆಗ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. 1871ರ ಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿದ್ದರು. ಹತ್ತು ವರ್ಷದಲ್ಲಿ ಹುಟ್ಟಿದವರನ್ನೂ ಸೇರಿಸಿಕೊಂಡ ಮೇಲಿನ ಇಳಿಕೆ ಇದು.

ಧಾನ್ಯವೇ ಇರಲಿಲ್ಲವೇ? ಇತ್ತು. 1877–78ರಲ್ಲಿ ಭಾರತದಿಂದ ಇಂಗ್ಲೆಂಡಿಗೆ ಹಡಗು ಹತ್ತಿದ ಗೋಧಿ ಮೂರು ಲಕ್ಷ ಟನ್ನಿಗೂ ಹೆಚ್ಚು. ಅಲ್ಲಿಯವರೆಗಿನ ದಾಖಲೆ ಅದು. ಬರ ಪರಿಹಾರದ ಖರ್ಚಿಗೆ ಕಡಿವಾಣ ಹಾಕಲು ಬಂದ ಸರ್ ರಿಚರ್ಡ್ ಟೆಂಪಲ್ ಹೇಲಿಬರಿಯಲ್ಲೇ ಓದಿದವನು. ಕಲ್ಲು ಒಡೆಯುವ, ಮಣ್ಣು ಹೊರುವ ಆಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಅಂದರೆ 450 ಗ್ರಾಮಿನಷ್ಟು, ಜತೆಗೆ ಪುಡಿಗಾಸು ಸಾಕೆಂದು ಅವನು ಗೊತ್ತುಮಾಡಿದ. ವೈಸರಾಯ್ ಲಾರ್ಡ್ ಲಿಟನ್ ಶಾಸನ ಸಭೆಯಲ್ಲಿ ಮಾಲ್ಥಸನ ಪಾಠವನ್ನೇ ಒಪ್ಪಿಸಿದ. ಇಲ್ಲಿನ ನೆಲ ಬೆಳೆಯುವುದಕ್ಕಿಂತ ಇಲ್ಲಿನ ಜನ ಬೇಗ ಬೆಳೆಯುತ್ತಾರೆ ಎಂಬುದು ಅವನ ವಾದ. ಉಗ್ರಾಣ ಬಂದರಿನ ಕಡೆಗೆ ಸಾಗುತ್ತಿದ್ದಾಗ ತಪ್ಪು ಉಣ್ಣುವ ಬಾಯಿಗಳದ್ದಾಯಿತು!

'ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನೆಯೇ?' ಎಂದು ನಮ್ಮಲ್ಲೊಂದು ಗಾದೆಯಿದೆ. ಆ ಎರಡು ವರ್ಷ ಸೊಪ್ಪು, ಬೇರು ತಿಂದ ಜನರಿಗೆ ಅವನ್ನು ಮೇಯಿಸಿದ್ದು ದೇವರೇ ಎಂದು ಹೇಳುವುದು ಕಷ್ಟ. 1943ರ ಬಂಗಾಳದ ಕ್ಷಾಮದಲ್ಲಿ ಸುಮಾರು 30 ಲಕ್ಷ ಜನ ಸತ್ತಾಗಲೂ ಇದೇ ಕತೆ. ಅಲ್ಲಿ ಕೈಕೊಟ್ಟದ್ದು ಅಕ್ಕಿಯ ರಾಶಿಗಿಂತ ಹೆಚ್ಚಾಗಿ ಅಕ್ಕಿ ಕೊಳ್ಳುವ ಶಕ್ತಿ ಎಂಬುದನ್ನು ಅಮರ್ತ್ಯ ಸೇನ್ 1981ರ ತಮ್ಮ ಪುಸ್ತಕದಲ್ಲಿ ಲೆಕ್ಕ ಸಮೇತ ತೋರಿಸಿದರು.

ದೆಹಲಿಯ ಟ್ಯಾಕ್ಸಿ, ಮಂಡ್ಯದ ರಾಗಿ

ಮಾಲ್ಥಸನ ಭೂತ ಮತ್ತೆ ಎದ್ದದ್ದು 1968ರಲ್ಲಿ, ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಜೀವವಿಜ್ಞಾನಿ ಪಾಲ್ ಎರ್ಲಿಕ್ ಬರೆದ 'ದಿ ಪಾಪ್ಯುಲೇಷನ್ ಬಾಂಬ್' ಪುಸ್ತಕದಲ್ಲಿ. ಅದು ಆರಂಭವಾಗುವುದೇ ದೆಹಲಿಯ ಒಂದು ಸೆಕೆಯ ರಾತ್ರಿಯಲ್ಲಿ. ಹೆಂಡತಿ ಮಗಳೊಂದಿಗೆ ಟ್ಯಾಕ್ಸಿಯಲ್ಲಿ ಹೋಗುತ್ತಿದ್ದ ಎರ್ಲಿಕ್‌ಗೆ ಬೀದಿ ತುಂಬ ಉಣ್ಣುವ, ತೊಳೆಯುವ, ಮಲಗುವ ಜನ ಕಂಡು ದಿಗಿಲಾಗುತ್ತದೆ. 1970ರ ದಶಕದಲ್ಲಿ ಕೋಟಿ ಕೋಟಿ ಜನ ಹಸಿವಿನಿಂದ ಸಾಯುತ್ತಾರೆ ಎಂಬ ಭವಿಷ್ಯ ಹೊರಬೀಳುತ್ತದೆ. ಆ ದೆಹಲಿಯಲ್ಲಿ ಆಗ ಇದ್ದವರು 30 ಲಕ್ಷದ ಆಸುಪಾಸು. ಅದೇ ಹೊತ್ತಿಗೆ ಪ್ಯಾರಿಸ್ ಮತ್ತು ಅದರ ಹೊರವಲಯದಲ್ಲಿ ಸುಮಾರು 80 ಲಕ್ಷ ಜನರಿದ್ದರು. ಪ್ಯಾರಿಸಿನ ಟ್ಯಾಕ್ಸಿಯಲ್ಲಿ ಕೂತು ಯಾರೂ ಅಂಥ ಪುಸ್ತಕ ಬರೆಯಲಿಲ್ಲ. ಕಣ್ಣಿಗೆ ರಾಚಿದ್ದು ಬಡತನ, ಅದನ್ನು ಎರ್ಲಿಕ್ ಜನಸಂಖ್ಯೆ ಎಂದು ಓದಿಕೊಂಡರು. ಅದಕ್ಕೂ ಒಂದು ವರ್ಷ ಮೊದಲು ಬಂದ 'ಫ್ಯಾಮಿನ್ 1975!' ಎಂಬ ಪುಸ್ತಕದಲ್ಲಿ ಪ್ಯಾಡಕ್ ಸಹೋದರರು ಇನ್ನೂ ಮುಂದೆ ಹೋಗಿ, ಭಾರತವನ್ನು ಉಳಿಸಲಾಗದ ದೇಶಗಳ ಪಟ್ಟಿಗೆ ಸೇರಿಸಿಬಿಟ್ಟಿದ್ದರು.

ಅವರ ಭಯಕ್ಕೆ ಕಾರಣವೇ ಇರಲಿಲ್ಲ ಎನ್ನುವಂತಿಲ್ಲ. 1965–66ರ ಬರದಲ್ಲಿ ನಾವು ಪಿಎಲ್-480 ಯೋಜನೆಯ ಅಮೆರಿಕದ ಗೋಧಿಗೆ ಕೈಯೊಡ್ಡಿ ನಿಂತಿದ್ದೆವು. ಹಡಗು ತಡವಾದರೆ ಪಡಿತರ ತಡವಾಗುತ್ತಿತ್ತು. ಅಲ್ಲಿಂದ ಮುಂದಿನದು ಎಲ್ಲರಿಗೂ ಗೊತ್ತಿರುವ ಹಸಿರು ಕ್ರಾಂತಿಯ ಕತೆ: ನಾರ್ಮನ್ ಬೋರ್ಲಾಗ್‌ರ ಗಿಡ್ಡ ತಳಿಯ ಗೋಧಿ, ಎಂ.ಎಸ್. ಸ್ವಾಮಿನಾಥನ್‌ರ ಪಟ್ಟು, ಪಂಜಾಬಿನ ಕಾಲುವೆಗಳು. ಅಷ್ಟಾಗಿ ಹೇಳದ ಕತೆಯೊಂದು ನಮ್ಮ ಮಂಡ್ಯದ ವಿ.ಸಿ. ಫಾರಂನದು. ಅಲ್ಲಿ ವಿಜ್ಞಾನಿ ಲಕ್ಷ್ಮಣಯ್ಯ ಭಾರತದ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಕೂಡಿಸಿ 'ಇಂಡಾಫ್' ತಳಿಗಳನ್ನು ತಂದರು. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್'. ಹಳೆ ಮೈಸೂರಿನ ಮುದ್ದೆ ದಪ್ಪವಾದದ್ದರಲ್ಲಿ ಈ 'ರಾಗಿ ಲಕ್ಷ್ಮಣಯ್ಯ'ನವರ ಪಾಲು ದೊಡ್ಡದು. 1951ರಲ್ಲಿ 36 ಕೋಟಿಯಿದ್ದ ಭಾರತೀಯರು ಈಗ ಅದರ ನಾಲ್ಕು ಪಟ್ಟಾಗಿದ್ದಾರೆ. ಆಗ 5 ಕೋಟಿ ಟನ್ನಿದ್ದ ಆಹಾರ ಧಾನ್ಯದ ಉತ್ಪಾದನೆ 2023–24ರಲ್ಲಿ 33 ಕೋಟಿ ಟನ್ ದಾಟಿ ಆರೂವರೆ ಪಟ್ಟಾಯಿತು.

ಈ ಗೆಲುವಿನ ಹಿಂದೆ ಕಣ್ಣಿಗೆ ಕಾಣದ ಇನ್ನೊಂದು ಕೈ ಇದೆ. ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುವ ವಿಧಾನವನ್ನು ಜರ್ಮನಿಯ ಫ್ರಿಟ್ಜ್ ಹೇಬರ್ 1909ರಲ್ಲಿ ತೋರಿಸಿದ. ಕಾರ್ಲ್ ಬಾಷ್ 1913ರಲ್ಲಿ ಅದನ್ನು ಕಾರ್ಖಾನೆಗೆ ತಂದ. ಆ ಯೂರಿಯಾ ಮೂಟೆ ಇಲ್ಲದಿದ್ದರೆ ಇಂದಿನ ಜನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಊಟವಿರುತ್ತಿರಲಿಲ್ಲ ಎಂಬುದು ತಜ್ಞರ ಅಂದಾಜು. ಮಾಲ್ಥಸ್ ಎಡವಿದ್ದು ಇಲ್ಲೇ. ಬಾಯಿಯೊಂದಿಗೆ ಎರಡು ಕೈ, ಒಂದು ತಲೆಯೂ ಹುಟ್ಟುತ್ತದೆ ಎಂಬುದನ್ನು ಅವನು ಕಡೆಗಣಿಸಿದ.

ಈ ಕೈ-ತಲೆಗಳ ಮೇಲೆ ಕುರುಡು ಭರವಸೆ ಇಟ್ಟವರೂ ಇದ್ದಾರೆ. ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್ 1980ರಲ್ಲಿ ಎರ್ಲಿಕ್ ಜೊತೆ ಬಾಜಿ ಕಟ್ಟಿದರು. ತಾಮ್ರ, ಕ್ರೋಮಿಯಂ, ನಿಕಲ್, ತವರ, ಟಂಗ್‌ಸ್ಟನ್ ಈ ಐದು ಲೋಹಗಳ ಬೆಲೆ ಹತ್ತು ವರ್ಷದಲ್ಲಿ ಇಳಿಯುತ್ತದೆ ಎಂಬುದು ಸೈಮನ್ ಪಂಥ. ಜನ ಹೆಚ್ಚಾದಂತೆ ಏರುತ್ತದೆ ಎಂಬುದು ಎರ್ಲಿಕ್ ಪಂಥ. 1990ರಲ್ಲಿ ಎರ್ಲಿಕ್ 576 ಡಾಲರ್ ಏಳು ಸೆಂಟಿನ ಚೆಕ್ ಕಳಿಸಬೇಕಾಯಿತು. ಆದರೆ ಅದೇ ಪಂಥವನ್ನು ಇಪ್ಪತ್ತನೇ ಶತಮಾನದ ಬೇರೆ ದಶಕಗಳಲ್ಲಿ ಕಟ್ಟಿದ್ದರೆ ಹೆಚ್ಚು ಸಲ ಗೆಲ್ಲುತ್ತಿದ್ದವರು ಎರ್ಲಿಕ್ ಎಂದು ಮುಂದೆ ಲೆಕ್ಕ ಹಾಕಿದವರು ಹೇಳಿದ್ದಾರೆ.

ಹುಲ್ಲು ಮೇಯುವುದು ಯಾರು?

ಈಗಿನ ಉಗ್ರಾಣವನ್ನೊಮ್ಮೆ ಅಳೆಯೋಣ. ಅಕ್ಕಿ, ಗೋಧಿ, ಮೆಕ್ಕೆಜೋಳ ಮೊದಲಾದ ಏಕದಳ ಧಾನ್ಯಗಳನ್ನು ಜಗತ್ತು ವರ್ಷಕ್ಕೆ ಸುಮಾರು 280 ಕೋಟಿ ಟನ್ ಬೆಳೆಯುತ್ತದೆ. ಹಾಲು ಕುಡಿಯುವ ಕೂಸನ್ನೂ ಸೇರಿಸಿ 820 ಕೋಟಿ ಜನರಿಗೆ ಹಂಚಿದರೆ ತಲೆಗೆ ದಿನಕ್ಕೆ 900 ಗ್ರಾಮಿಗೂ ಹೆಚ್ಚು. ಟೆಂಪಲ್ ಕೊಟ್ಟ ಕೂಲಿಯ ಎರಡರಷ್ಟು. ಬೇಳೆ, ತರಕಾರಿ, ಹಣ್ಣು, ಎಣ್ಣೆ, ಮೀನು ಇದರ ಮೇಲೆ.

ಹೀಗಿದ್ದೂ 2024ರಲ್ಲಿ ಸುಮಾರು 67 ಕೋಟಿ ಜನ ಹಸಿದಿದ್ದರು. ಬೊಜ್ಜಿನಿಂದ ಬಳಲುವವರು ನೂರು ಕೋಟಿ ದಾಟಿದ್ದಾರೆ. ನಡುವೆ ಧಾನ್ಯ ಹೋದದ್ದೆಲ್ಲಿಗೆ? ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜಾನುವಾರು, ಕೋಳಿ, ಹಂದಿಗಳ ಆಹಾರವಾಗುತ್ತದೆ. ಇನ್ನೊಂದು ಪಾಲು ಎಥನಾಲ್ ಆಗಿ ಕಾರಿನ ಟ್ಯಾಂಕ್ ಸೇರುತ್ತದೆ. ಅಂಗಡಿ, ಹೋಟೆಲು, ಮನೆಗಳನ್ನು ತಲುಪಿದ ಆಹಾರದಲ್ಲಿ 19 ಶೇಕಡಾ, ಅಂದರೆ 105 ಕೋಟಿ ಟನ್, 2022ರಲ್ಲಿ ಕಸದ ಬುಟ್ಟಿಗೆ ಹೋಯಿತೆಂದು ವಿಶ್ವಸಂಸ್ಥೆಯ ಪರಿಸರ ವಿಭಾಗ ಲೆಕ್ಕ ಹಾಕಿದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳ ಅಡುಗೆಮನೆಯಿಂದಲೇ.

ಜಾನುವಾರು ಎಂದ ಕೂಡಲೇ ನಮ್ಮ ಹಟ್ಟಿಯ ಎಮ್ಮೆಯನ್ನು ಕಟಕಟೆಗೆ ಎಳೆಯಬೇಕಿಲ್ಲ. ಅದು ರಾಗಿಹುಲ್ಲು, ಜೋಳದ ಸೊಪ್ಪೆ, ಬದುವಿನ ಗರಿಕೆ ತಿಂದು ಮನುಷ್ಯರು ಅರಗಿಸಲಾರದ್ದನ್ನು ಹಾಲು ಮಾಡುತ್ತದೆ. ಸಾವಿರಾರು ದನಗಳನ್ನು ಒಂದೆಡೆ ಕೂಡಿಹಾಕಿ ಮೆಕ್ಕೆಜೋಳ, ಸೋಯಾ ತಿನ್ನಿಸಿ ಕೊಬ್ಬಿಸುವ ದೊಡ್ಡ ಫಾರಂಗಳ ಲೆಕ್ಕ ಬೇರೆ. ಹುಲ್ಲು ಮೇಯಬೇಕಾದ ದನ ಅಲ್ಲಿ ಮನುಷ್ಯರ ಕಾಳು ಮೇಯುತ್ತದೆ. ಜಗತ್ತಿನ ಕೃಷಿಭೂಮಿಯ ನಾಲ್ಕರಲ್ಲಿ ಮೂರು ಪಾಲು ಹುಲ್ಲುಗಾವಲಿಗೆ ಮತ್ತು ಮೇವಿನ ಬೆಳೆಗೆ ಮೀಸಲು, ಅಲ್ಲಿಂದ ಮನುಷ್ಯರಿಗೆ ಸಿಗುವ ಕ್ಯಾಲರಿ ಐದರಲ್ಲಿ ಒಂದು ಪಾಲಿಗೂ ಕಡಿಮೆ. ಭೂಮಿಯ ಎಲ್ಲ ಸಸ್ತನಿಗಳನ್ನು ತೂಕಕ್ಕೆ ಹಾಕಿದರೆ ಸುಮಾರು 60 ಶೇಕಡಾ ಸಾಕುಪ್ರಾಣಿಗಳು, 36 ಶೇಕಡಾ ಮನುಷ್ಯರು. ಬಂಡೀಪುರದ ಆನೆಯಿಂದ ಸಾಗರದ ತಿಮಿಂಗಿಲದವರೆಗೆ ಉಳಿದ ಕಾಡುಜೀವಿಗಳೆಲ್ಲ ಸೇರಿ ಬರೀ 4 ಶೇಕಡಾ. 'ಜನಸಂಖ್ಯೆ ಒಂದು ಸಮಸ್ಯೆಯೇ ಅಲ್ಲ' ಎನ್ನುವವರು ಈ ನಾಲ್ಕರ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ಖಾಲಿಯಾಗುತ್ತಿರುವ ತೊಟ್ಟಿಲು

ಬಾಯಿಗಳ ಸಂಖ್ಯೆ ಹೇಗೆ ಏರುತ್ತಿದೆ? ಮನುಷ್ಯ ಕುಲ 1927ರಲ್ಲಿ 200 ಕೋಟಿ ಮುಟ್ಟಿತು. 1960ರಲ್ಲಿ 300, 1974ರಲ್ಲಿ 400, 1987ರಲ್ಲಿ 500. 2022ರ ನವೆಂಬರ್ 15ಕ್ಕೆ 800 ಕೋಟಿ. ಈ ಅಂಕಿಗಳನ್ನು ನೋಡಿದರೆ ರೈಲು ಹಳಿ ತಪ್ಪಿ ಓಡುತ್ತಿರುವಂತೆ ಕಾಣುತ್ತದೆ. ಆದರೆ ಬ್ರೇಕು ಬಿದ್ದು ಅರವತ್ತು ವರ್ಷವಾಗಿದೆ. 1960ರ ದಶಕದಲ್ಲಿ ವರ್ಷಕ್ಕೆ 2 ಶೇಕಡಾ ದಾಟಿದ್ದ ಏರಿಕೆ ಈಗ 1 ಶೇಕಡಾಕ್ಕಿಂತ ಕಡಿಮೆ. ಈಗಲೂ ತಲೆ ಎಣಿಕೆ ಏರುತ್ತಿರುವುದು ಹಿಂದಿನ ದಶಕಗಳಲ್ಲಿ ಹುಟ್ಟಿದ ದೊಡ್ಡ ತಲೆಮಾರು ತಾಯಿ ತಂದೆಯರಾಗುತ್ತಿರುವುದರಿಂದ ಮತ್ತು ಜನ ಹೆಚ್ಚು ವರ್ಷ ಬಾಳುತ್ತಿರುವುದರಿಂದ. ವಿಶ್ವಸಂಸ್ಥೆಯ 2024ರ ಅಂದಾಜಿನಂತೆ ಈ ರೈಲು 2080ರ ದಶಕದ ನಡುವೆ 1,030 ಕೋಟಿಯ ಹತ್ತಿರ ನಿಂತು, ಮತ್ತೆ ಹಿಂದಕ್ಕೆ ಹೊರಳುತ್ತದೆ.

ಅಂಕಿ ಅಂಶ ಬೇಡವೆನ್ನುವವರು ತಮ್ಮ ಮನೆಯ ವಂಶಾವಳಿ ಬಿಡಿಸಲಿ. ಅಜ್ಜಿ ಎಂಟು ಹೆತ್ತು ಐದು ಉಳಿಸಿಕೊಂಡಳು. ಅಮ್ಮನಿಗೆ ಮೂರು. ಮಗಳಿಗೆ ಒಂದೋ ಎರಡೋ. ಕರ್ನಾಟಕದ ಹೆಣ್ಣೊಬ್ಬಳು ಸರಾಸರಿ ಹೆರುವ ಮಕ್ಕಳು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 1.7. ದೇಶದ ಸರಾಸರಿ 2.0. ತಲೆಮಾರು ಇದ್ದಷ್ಟೇ ಉಳಿಯಲು 2.1 ಬೇಕು. ಬಿಹಾರದಲ್ಲಿ ಅದೇ ಸಮೀಕ್ಷೆಯಲ್ಲಿ ಇನ್ನೂ 3.0 ಇತ್ತು, ಅಲ್ಲೂ ಇಳಿಯುತ್ತಿದೆ. ದಕ್ಷಿಣ ಕೊರಿಯಾದಲ್ಲಂತೂ 2023ರಲ್ಲಿ 0.72ಕ್ಕೆ ಬಂದಿತ್ತು. 2022ರಿಂದ ಚೀನಾದ ಜನಸಂಖ್ಯೆಯೇ ಕರಗುತ್ತಿದೆ.

ಇದನ್ನು ಮಾಡಿದ್ದು ಯಾರು? ದಂಡ ಹಿಡಿದವರು 'ನಾವು' ಎನ್ನುತ್ತಾರೆ. 1976–77ರ ಒಂದೇ ವರ್ಷದಲ್ಲಿ ತುರ್ತು ಪರಿಸ್ಥಿತಿಯ ಸರ್ಕಾರ ಸುಮಾರು 83 ಲಕ್ಷ ಜನರಿಗೆ ಮಕ್ಕಳಾಗದಂತೆ ಆಪರೇಷನ್ ಮಾಡಿಸಿತು. ಬಹುಪಾಲು ಗಂಡಸರಿಗೆ, ಎಷ್ಟೋ ಕಡೆ ಬಲವಂತವಾಗಿ. ಸರ್ಕಾರ ಬಿತ್ತು. ಗಂಡಸರು ಆಮೇಲೆ ಆ ಟೇಬಲಿನ ಬಳಿಗೂ ಸುಳಿಯಲಿಲ್ಲ. ಇಂದು ದೇಶದಲ್ಲಿ ಮದುವೆಯಾದ ಹೆಂಗಸರಲ್ಲಿ 38 ಶೇಕಡಾ ಮಂದಿ ಸ್ವತಃ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಗಂಡ ಮಾಡಿಸಿಕೊಂಡ ಕುಟುಂಬಗಳು 0.3 ಶೇಕಡಾ. ಜನಸಂಖ್ಯೆಯ ಬಗ್ಗೆ ಕಟ್ಟೆಯ ಮೇಲೆ ಕೂತು ಚಿಂತಿಸುವವರು ಗಂಡಸರು, ಹೊಟ್ಟೆಯ ಮೇಲೆ ಗೀರು ಹಾಕಿಸಿಕೊಂಡವರು ಹೆಂಗಸರು. ಚೀನಾದಲ್ಲೂ ಒಂದೇ ಮಗುವಿನ ಕಾಯ್ದೆ ಬರುವ ಮೊದಲೇ, 1970ರ ದಶಕದಲ್ಲಿ, ಜನನ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿದಿತ್ತು. 1970ರ ದಶಕದ ಆರಂಭದಲ್ಲಿ ಒಬ್ಬೊಬ್ಬ ತಾಯಿಗೆ ಆರೇಳು ಮಕ್ಕಳಿದ್ದ ಬಾಂಗ್ಲಾದೇಶ ಯಾವ ದಂಡವನ್ನೂ ಎತ್ತದೆ ಎರಡರ ಆಸುಪಾಸಿಗೆ ಬಂದಿದೆ.

ನಿಜವಾದ ಕಾರಣ ಸರಳ. ಹುಟ್ಟಿದ ಮಗು ಉಳಿಯುತ್ತದೆ ಎಂಬ ಧೈರ್ಯ ಬಂದರೆ ತಾಯಿ ಕಡಿಮೆ ಹೆರುತ್ತಾಳೆ. 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ 129 ಒಂದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2020ರಲ್ಲಿ 28. ಹುಡುಗಿ ಹೈಸ್ಕೂಲು ಮುಗಿಸಿದರೆ ಮದುವೆ ಮುಂದಕ್ಕೆ ಹೋಗುತ್ತದೆ. ಕೈಯಲ್ಲಿ ನಾಲ್ಕು ಕಾಸಿದ್ದರೆ 'ಸಾಕು' ಎನ್ನುವ ದನಿ ಬರುತ್ತದೆ. ಮೈಸೂರು ಸಂಸ್ಥಾನ ಇದನ್ನು ಎಷ್ಟು ಮೊದಲೇ ಕಂಡುಕೊಂಡಿತ್ತೆಂದರೆ, 1930ರಲ್ಲಿಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಜನನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತು. ಸರ್ಕಾರವೇ ಇಂಥ ಕ್ಲಿನಿಕ್ ನಡೆಸಿದ್ದು ಜಗತ್ತಿನಲ್ಲಿ ಅದೇ ಮೊದಲು ಎನ್ನಲಾಗುತ್ತದೆ. ಗೋಡೆಗಳ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ, 'ಆರತಿಗೊಬ್ಬಳು, ಕೀರ್ತಿಗೊಬ್ಬ' ಎಂಬ ಮಾತು ಬಂದದ್ದು ಎಷ್ಟೋ ವರ್ಷದ ನಂತರ.

ಈಗ ಗಾಳಿ ಎದುರು ದಿಕ್ಕಿಗೆ ಬೀಸುತ್ತಿದೆ. ಲೋಕಸಭೆಯ ಸೀಟುಗಳು ಇಂದಿಗೂ 1971ರ ಜನಗಣತಿಯ ಮೇಲೆ ನಿಂತಿವೆ. ಕ್ಷೇತ್ರ ಪುನರ್ವಿಂಗಡಣೆಯಾದರೆ ಕಡಿಮೆ ಹೆತ್ತ ದಕ್ಷಿಣಕ್ಕೆ ಸೀಟು ಕಡಿಮೆಯಾದೀತು ಎಂಬ ಅಂಜಿಕೆಯ ನಡುವೆ ನೆರೆಯ ರಾಜ್ಯಗಳ ಮುಖ್ಯಮಂತ್ರಿಗಳೇ 'ಹೆಚ್ಚು ಹೆರಿ' ಎಂದು ಕರೆ ಕೊಟ್ಟದ್ದನ್ನು 2024ರಲ್ಲಿ ಕೇಳಿದೆವು. ಐವತ್ತು ವರ್ಷ 'ಸಾಕು' ಎಂದವರು ಈಗ 'ಸಾಲದು' ಎನ್ನುತ್ತಿದ್ದಾರೆ. ಹೆರುವವಳನ್ನು ಆಗಲೂ ಯಾರೂ ಕೇಳಲಿಲ್ಲ, ಈಗಲೂ ಕೇಳುತ್ತಿಲ್ಲ.

ಹಾಗಾದರೆ ನಿಶ್ಚಿಂತೆಯೇ?

ಇಲ್ಲ. ತೊಟ್ಟಿಲು ಕಡಿಮೆಯಾದರೂ ಬೋರ್‌ವೆಲ್ ಆಳವಾಗುತ್ತಲೇ ಇದೆ. ಜಗತ್ತು ನೆಲದೊಳಗಿಂದ ಎತ್ತುವ ನೀರಿನಲ್ಲಿ ಸುಮಾರು ಕಾಲು ಭಾಗವನ್ನು ಎತ್ತುವವರು ನಾವು. ಕೋಲಾರದ ರೈತ ಸಾವಿರ ಅಡಿಗೂ ಮೀರಿ ಕೊರೆಸಿ ಬರೀ ಧೂಳು ಕಂಡದ್ದುಂಟು. 2018ರಿಂದ ಅಲ್ಲಿನ ಕೆರೆಗಳು ತುಂಬುತ್ತಿರುವುದು ಬೆಂಗಳೂರು ಬಳಸಿ ಬಿಟ್ಟ ಕೊಳಚೆಯನ್ನು ಶುದ್ಧೀಕರಿಸಿದ ನೀರಿನಿಂದ. ಆ ಬೆಂಗಳೂರಾದರೋ ನೂರು ಕಿಲೋಮೀಟರ್ ದೂರದ ಕಾವೇರಿಯನ್ನು ಗುಡ್ಡ ಹತ್ತಿಸಿ ತಂದುಕೊಂಡು, 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ನಿಂತಿತು.

ಗೊಬ್ಬರದ್ದೂ ಅದೇ ಪಾಡು. ಯೂರಿಯಾಕ್ಕೆ ಬೇಕಾದ ಸಾರಜನಕ ಗಾಳಿಯಲ್ಲಿ ಬೇಕಾದಷ್ಟಿದೆ, ಅದನ್ನು ಹಿಡಿಯಲು ನೈಸರ್ಗಿಕ ಅನಿಲ ಬೇಕು. ಡಿಎಪಿಗೆ ಬೇಕಾದ ರಂಜಕ ಬಂಡೆಯಿಂದಲೇ ಅಗೆಯಬೇಕು. ಜಗತ್ತಿನ ನಿಕ್ಷೇಪದ ಸುಮಾರು 70 ಶೇಕಡಾ ಮೊರಾಕೊದ ಹಿಡಿತದಲ್ಲಿದೆ. ಮುಂಗಾರಿನಲ್ಲಿ ಸೊಸೈಟಿಯ ಮುಂದೆ ಚಪ್ಪಲಿ ಸಾಲಿಟ್ಟು ಗೊಬ್ಬರಕ್ಕೆ ಕಾಯುವ ರೈತನಿಗೆ ಆ ದೂರದ ಮರುಭೂಮಿಯ ನಂಟು ಇರುವುದು ಹೀಗೆ. ಇದರ ಮೇಲೆ ಬಿಸಿಲು. 2022ರ ಮಾರ್ಚಿನ ಧಗೆಗೆ ಉತ್ತರ ಭಾರತದ ಗೋಧಿ ಕಾಳು ಸೊರಗಿತು. ಮೇ ತಿಂಗಳಲ್ಲಿ ಸರ್ಕಾರ ರಫ್ತನ್ನೇ ನಿಲ್ಲಿಸಿತು.

ಬಿಸಿಲು ಹೆಚ್ಚಿಸಿದವರನ್ನು ಹುಡುಕಿಕೊಂಡು ಹೋದರೆ ದಾರಿ ಹೆಚ್ಚು ಹೆರುವವರ ಮನೆಗೆ ಹೋಗುವುದಿಲ್ಲ. ಅಮೆರಿಕದ ಒಬ್ಬ ಪ್ರಜೆಯ ಪಾಲಿಗೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್. ಭಾರತೀಯನಿಗೆ ಸುಮಾರು 2 ಟನ್. ಜಗತ್ತಿನ ಐದನೇ ಒಂದು ಭಾಗದ ಹತ್ತಿರ ಜನರಿರುವ ಆಫ್ರಿಕಾ ಖಂಡದ ಪಾಲು ಒಟ್ಟಿನಲ್ಲಿ 4 ಶೇಕಡಾ. ಜಗತ್ತಿನ ಅತಿ ಶ್ರೀಮಂತ 10 ಶೇಕಡಾ ಮಂದಿ ಸುಮಾರು ಅರ್ಧದಷ್ಟು ಹೊಗೆಗೆ ಕಾರಣ ಎಂದು ಆಕ್ಸ್‌ಫ್ಯಾಮ್ ಲೆಕ್ಕ ಕೊಟ್ಟಿದೆ. 'ಭಾರತೀಯನ 2 ಟನ್' ಎಂಬ ಸರಾಸರಿಯ ಹಿಂದೆ ಅಡಗಿ ಕೂರುವಂತೆಯೂ ಇಲ್ಲ. ಎರಡು ಏಸಿ, ಎರಡು ಕಾರು, ವರ್ಷಕ್ಕೆ ನಾಲ್ಕು ವಿಮಾನ ಪ್ರಯಾಣವಿರುವ, ಒಂದೇ ಮಗುವಿನ ಬೆಂಗಳೂರಿನ ಮನೆ, ಐದು ಮಕ್ಕಳಿರುವ ಯಾದಗಿರಿಯ ಕೂಲಿ ಕುಟುಂಬಕ್ಕಿಂತ ಭೂಮಿಗೆ ಎಷ್ಟೋ ಭಾರ.

ಇನ್ನೂರು ಕೋಟಿ ಜನ ಹೆಚ್ಚಿದರೂ ಭೂಮಿ ಅನ್ನ ಹಾಕಬಲ್ಲದೇ? ವಿಜ್ಞಾನಿಗಳ 'ಈಟ್-ಲ್ಯಾನ್ಸೆಟ್' ಆಯೋಗ 2019ರಲ್ಲಿ ಇದನ್ನು ಪರಿಶೀಲಿಸಿ, 1,000 ಕೋಟಿ ಜನರಿಗೆ ಪೌಷ್ಟಿಕ ಊಟ ಕೊಡಲು ಸಾಧ್ಯ ಎಂದಿತು. ಅದಕ್ಕೆ ಹಾಕಿದ ಷರತ್ತು ಮೂರು: ಪೋಲಾಗುವುದನ್ನು ಅರ್ಧಕ್ಕಿಳಿಸಬೇಕು, ಉಳ್ಳವರ ತಟ್ಟೆಯಲ್ಲಿ ಮಾಂಸ ಕಡಿಮೆಯಾಗಿ ಕಾಳು ಬೇಳೆ ಹೆಚ್ಚಬೇಕು, ಹೊಸ ಕಾಡು ಕಡಿಯದೆ ಇರುವ ನೆಲದಲ್ಲೇ ನೀರು ಗೊಬ್ಬರ ಅಳೆದು ಬೆಳೆಯಬೇಕು. ಮೂರರಲ್ಲಿ ಒಂದೂ ತೊಟ್ಟಿಲಿಗೆ ಸಂಬಂಧಿಸಿದ್ದಲ್ಲ. ಹಾಗೆಂದು ತೊಟ್ಟಿಲನ್ನು ಮರೆಯಬೇಕಿಲ್ಲ. ಬೇಡದ ಬಸುರನ್ನು ತಪ್ಪಿಸಿಕೊಳ್ಳುವ ದಾರಿ ಇನ್ನೂ ಸಿಗದ ಕೋಟ್ಯಂತರ ಹೆಂಗಸರಿಗೆ ಅದು ಸಿಗಬೇಕು. ಭೂಮಿಯ ಭಾರ ಇಳಿಸಲೆಂದು ಅಲ್ಲ, ಅದು ಅವರ ಹಕ್ಕು ಎಂಬ ಕಾರಣಕ್ಕೆ.

ಹತ್ತನೆಯವನು

ಹೊಳೆ ದಾಟಿದ ಹತ್ತು ಜನ ಪೆದ್ದರ ಕತೆ ಚಿಕ್ಕಂದಿನಲ್ಲಿ ಎಲ್ಲರೂ ಕೇಳಿದ್ದೇವೆ. ದಡ ಸೇರಿದ ಮೇಲೆ ಒಬ್ಬ ಎಣಿಸಿದ, ಒಂಬತ್ತೇ ಜನ. ಇನ್ನೊಬ್ಬ ಎಣಿಸಿದ, ಒಂಬತ್ತೇ. ಹತ್ತನೆಯವನು ಹೊಳೆಯಲ್ಲಿ ಕೊಚ್ಚಿಹೋದನೆಂದು ಎಲ್ಲರೂ ಕೂತು ಅತ್ತರು. ಪ್ರತಿಯೊಬ್ಬನೂ ತನ್ನನ್ನು ಬಿಟ್ಟು ಎಣಿಸಿದ್ದ.

ಜನಸಂಖ್ಯೆಯ ಚರ್ಚೆಯಲ್ಲಿ ಇನ್ನೂರು ವರ್ಷಗಳಿಂದ ನಡೆದಿರುವುದು ಇದೇ ಎಣಿಕೆ. ಹೇಲಿಬರಿಯ ಮೇಷ್ಟರಿಗೆ ಬಡವರು ಹೆಚ್ಚಾಗಿ ಕಂಡರು, ವೈಸರಾಯ್‌ಗೆ ಇಲ್ಲಿನ ರೈತರು, ಟ್ಯಾಕ್ಸಿಯಲ್ಲಿ ಕೂತವರಿಗೆ ದೆಹಲಿಯವರು. ನಮಗೆ ಬಿಹಾರದವರು, ಪಕ್ಕದ ಬೀದಿಯವರು, ಬೇರೆ ಧರ್ಮದವರು, ಬಸ್ಸಿನಲ್ಲಿ ನಮ್ಮ ನಂತರ ಹತ್ತಿದವರು. ಪೆದ್ದರ ಲೆಕ್ಕದಲ್ಲಿ ಒಬ್ಬ ಕಡಿಮೆ ಬಿದ್ದ, ನಮ್ಮ ಲೆಕ್ಕದಲ್ಲಿ ಕೋಟಿಗಟ್ಟಲೆ ಜನ ಹೆಚ್ಚು ಬೀಳುತ್ತಾರೆ. ತಪ್ಪು ಮಾತ್ರ ಒಂದೇ. ಇನ್ನು ಮುಂದೆ ಯಾರಾದರೂ 'ಜನ ಜಾಸ್ತಿಯಾದರು' ಎಂದರೆ ವಾದಕ್ಕೆ ಇಳಿಯಬೇಡಿ. ತಮ್ಮನ್ನೂ, ತಮ್ಮ ತಟ್ಟೆಯನ್ನೂ, ತಮ್ಮ ಮನೆಯ ಮೀಟರನ್ನೂ ಸೇರಿಸಿಕೊಂಡು ಇನ್ನೊಮ್ಮೆ ಎಣಿಸಿ ಎನ್ನಿ.